ಟವೆಲ್ ಕೆಳಗಿನ ಬೆರಳುಗಳು

ಹೋದ ತಿಂಗಳು ಸಂಬಂಧಿಕರ ಮನೆಯ ಮುಂಜಿವೆಗೆಂದು ಬೆಳಗಾವಿಯಿಂದ ಬೈಲಹೊಂಗಲದ ಬಸ್ಸು ಹತ್ತಿದ್ದೆ. ನೇಸರಗಿ ದಾಟಿ ತುಸು ದೂರ ಹೋಗುವಷ್ಟರಲ್ಲಿ ಮುಂದೊಂದು ಹತ್ತಿಯ ಲಾರಿ ಸಿಕ್ಕಿತು. ಹತ್ತಿ ತುಂಬುವ ದೊಡ್ಡ ಚೀಲಗಳಿಗೆ ನಮ್ಮ ಕಡೆ ಅಂಡಿಗೆ ಎನ್ನುತ್ತಾರೆ. ಅಂಥ ಅಂಡಿಗೆಗಳನ್ನು ಎರಡಾಳೆತ್ತರ ಹೇರಿಕೊಂಡು, ರಸ್ತೆಯ ನಡುವೆಯೇ ಮೈ ತೂಗುತ್ತ ಹೊರಟಿತ್ತು ಲಾರಿ. ಮೇಲಿನ ತಾಡಪಲ್ಲು ಹರಿದಿದ್ದರಿಂದ ಬದಿಯ ಜಾಲಿಗಿಡಗಳಿಗೆಲ್ಲ ಹತ್ತಿ ಸಿಕ್ಕಿಕೊಳ್ಳುತ್ತಿತ್ತು. ಕಿಟಕಿಯಿಂದ ವಾಸನೆ ಒಳಗೆ ಬಂತು. ಹತ್ತಿಕಾಳಿನ ಎಣ್ಣೆ, ಒಣಗಿದ ಎಲೆ, ಎರೆಮಣ್ಣು ಮೂರೂ ಕೂಡಿದ ವಾಸನೆ ಅದು. ಪಕ್ಕದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಮೂವತ್ತೊಂದು ವರ್ಷ ಅದೇ ವಾಸನೆಯಲ್ಲಿ ಉಂಡವನು ನಾನು. ಅದರಲ್ಲಿ ಕಡೆಯ ಸುಗ್ಗಿಯೊಂದನ್ನು ಬಿಟ್ಟು ಬೇರೆ ಯಾವುದೂ ಈಗ ನೆನಪಿಗೆ ಬರುವುದಿಲ್ಲ.

ಬೈಲಹೊಂಗಲದಲ್ಲಿ ಒಂದು ಜಿನ್ನಿಂಗ್ ಫ್ಯಾಕ್ಟರಿ. ಕಾಳು ಬೇರೆ, ಅರಳೆ ಬೇರೆ ಮಾಡುವ ಕಾರಖಾನೆ. ಅಲ್ಲಿ ಬರುವ ಹತ್ತಿಯನ್ನು ನೋಡಿ ಅದರ ತರಗತಿ ಹೇಳುವವರು ನಾವಿಬ್ಬರು: ನಾನು ಮತ್ತು ಸಂಪಗಾಂವದ ಶಿವಪುತ್ರಪ್ಪ. ನೇಸರಗಿಯಲ್ಲಿ ನಮ್ಮಪ್ಪ ಪಂಚಾಂಗ ನೋಡಿ ಮುಹೂರ್ತ ಹೇಳುತ್ತಿದ್ದರು. ನಾನು ಆ ವಿದ್ಯೆಯಲ್ಲಿ ದಡ್ಡನಾಗಿ ಹತ್ತಿಗೆ ಬಿದ್ದೆ. ನಿಮ್ಮ ಹಿರಿಯರು ನಕ್ಷತ್ರ ಎಣಿಸಿದರು, ನೀನು ಎಳೆ ಎಣಿಸುತ್ತೀ, ವಂಶ ನೆಲಕ್ಕಾದರೂ ಇಳಿಯಿತಲ್ಲ ಎಂದು ಶಿವಪುತ್ರ ಮೊದಲ ದಿನವೇ ಚಾಷ್ಟಿ ಮಾಡಿದ್ದ. ಅವನದು ಹತ್ತಿ ಬೆಳೆಯುವ ಮನೆತನ. ಹತ್ತಿಯನ್ನು ಅವನು ಕಲಿತದ್ದಲ್ಲ, ಅದರೊಳಗೆ ಹುಟ್ಟಿದವನು. ಮಂದಿಯ ಮುಂದೆ ನನ್ನನ್ನು ರಾಯರ ಎಂದು ಕರೆಯುತ್ತಿದ್ದ, ಇಬ್ಬರೇ ಇದ್ದಾಗ ಗೋಪಾಲಾ ಎನ್ನುತ್ತಿದ್ದ.

ಕೆಲಸ ಹೀಗಿತ್ತು. ಅಂಡಿಗೆಯ ಹೊಲಿಗೆ ಬಿಚ್ಚಿ, ಮೊಣಕೈಯವರೆಗೆ ಕೈ ಇಳಿಸಿ, ನಡುವಿನ ಹತ್ತಿ ಹಸಿ ಇದೆಯೋ ಒಣಗಿದೆಯೋ ನೋಡಬೇಕು. ಆಮೇಲೆ ಒಂದು ಹಿಡಿ ತೆಗೆದು, ಕಾಳು ಬಿಡಿಸಿ, ಎರಡು ಹೆಬ್ಬೆರಳುಗಳ ನಡುವೆ ಎಳೆಯನ್ನು ಮತ್ತೆ ಮತ್ತೆ ಎಳೆದು ಸಮ ಮಾಡಿ, ಅದರ ಉದ್ದ, ನಯ, ಗಟ್ಟಿತನ ಹೇಳಬೇಕು. ಒಂದರಿಂದ ಐದರವರೆಗೆ ನಂಬರು, ಐದು ಎಂದರೆ ಎಲ್ಲಕ್ಕಿಂತ ಚೆನ್ನಾದದ್ದು. ಇಬ್ಬರೂ ಬೇರೆ ಬೇರೆ ನೋಡಿ, ಬೇರೆ ಬೇರೆ ನಂಬರು ಮನಸ್ಸಿನಲ್ಲಿಟ್ಟುಕೊಂಡು, ಬಾಯಿ ಬಿಡದೆ ತಾಳೆ ಹಾಕಿಕೊಳ್ಳಬೇಕು. ರೈತನ ಎದುರು ಹತ್ತಿ ನೋಡುವವರಿಬ್ಬರೇ ಜಗಳಾಡಿದರೆ ರೈತನೂ ನಂಬುವುದಿಲ್ಲ, ಮಾಲಕರೂ ನಂಬುವುದಿಲ್ಲ. ಎತ್ತಿನ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾತಾಡುವುದನ್ನು ಎಲ್ಲರೂ ನೋಡಿರುತ್ತಾರೆ. ನಾವು ಹಾಗೇ ನಂಬರು ಮಾತಾಡುತ್ತಿದ್ದೆವು. ಶಿವಪುತ್ರ ಹೆಗಲ ಮೇಲಿನ ಟವೆಲ್ ಕೈಮೇಲೆ ಹಾಕಿಕೊಳ್ಳುವನು. ನಾನು ಕೆಳಗಿಂದ ಅವನ ಬೆರಳು ಹಿಡಿಯುವೆನು. ಮೂರು ಬೆರಳು ಒತ್ತಿದರೆ ಮೂರು. ಅವನಿಗೂ ಮೂರೇ ಎನಿಸಿದ್ದರೆ ತಿರುಗಿ ಒತ್ತುವನು, ಇಲ್ಲದಿದ್ದರೆ ತನ್ನದನ್ನು ಒತ್ತುವನು. ಆಗ ಇಬ್ಬರೂ ಇನ್ನೊಂದು ಸಲ ಎಳೆ ತೆಗೆಯುತ್ತಿದ್ದೆವು. ಹತ್ತರಲ್ಲಿ ಒಂಬತ್ತು ಸಲ ತಪ್ಪಿರುತ್ತಿದ್ದವನು ನಾನು. ಅದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ, ನನಗೆ ಮಾತ್ರ ಸಂಜೆ ಚಹಾ ಕುಡಿಯುವಾಗ ನೆನಪಿಸಿ ಕಾಡುತ್ತಿದ್ದ.

ಆ ವರ್ಷ ಮುಂಗಾರು ಹಿಂಗಾರು ಎರಡೂ ಚೆನ್ನಾಗಿ ಆಗಿದ್ದವು. ದೀಪಾವಳಿ ಮುಗಿದ ಮರುದಿನದಿಂದಲೇ ಚಕ್ಕಡಿ, ಟ್ರ್ಯಾಕ್ಟರುಗಳು ಫ್ಯಾಕ್ಟರಿಯ ಗೇಟಿನಿಂದ ರಸ್ತೆಯವರೆಗೆ ಸಾಲುಗಟ್ಟಿದವು. ಬೆಳಿಗ್ಗೆ ಮೂಡಗಾಳಿ ಬೀಸಿ ತುಟಿ ಒಡೆಯುತ್ತಿತ್ತು, ಮಧ್ಯಾಹ್ನ ಅಂಗಳದ ತುಂಬ ಅರಳೆಯ ಧೂಳು ಹಾರಿ ಹುಬ್ಬೆಲ್ಲ ಬೆಳ್ಳಗಾಗುತ್ತಿತ್ತು. ಮಾಲಕರು ಸುಗ್ಗಿಯ ಪೂಜೆಯ ದಿನ ನಮ್ಮಿಬ್ಬರನ್ನು ಕರೆದು, ಎಳೆ ಅಳೆಯುವ ಮಶೀನು ತರಿಸುತ್ತಿದ್ದೇವೆ, ಶಿವರಾತ್ರಿ ಹೊತ್ತಿಗೆ ಬರುತ್ತದೆ ಎಂದರು. ಮಶೀನು ಖರೆ ಹೇಳುತ್ತದೋ ಸುಳ್ಳು ಹೇಳುತ್ತದೋ ಎಂದು ಮೊದಲು ನಮ್ಮ ಕೈಗಳ ಎದುರು ಇಟ್ಟು ನೋಡುತ್ತಾರಂತೆ. ಅಂದರೆ ಆ ಸುಗ್ಗಿ ನಮ್ಮ ಪರೀಕ್ಷೆಯದು. ಶಿವಪುತ್ರ ನಕ್ಕು, ಮಶೀನಿಗೆ ಹಸಿವೆ ಇರುವುದಿಲ್ಲ, ಅದಕ್ಕೆ ಹತ್ತಿಯ ಬೆಲೆ ಎಲ್ಲಿಂದ ತಿಳಿಯಬೇಕು ಎಂದ. ಮಾಲಕರೂ ನಕ್ಕರು.

ಅದಾದ ಒಂದು ವಾರಕ್ಕೆ ನಡೆದದ್ದು. ಹಳ್ಳಿಯ ರೈತನೊಬ್ಬನ ಹತ್ತಿ ನೋಡಿ ಟವೆಲ್ ಕೆಳಗೆ ಎರಡು ಬೆರಳು ಒತ್ತಿದೆ. ಶಿವಪುತ್ರ ತಿರುಗಿ ಒತ್ತಲಿಲ್ಲ. ‘ಆತು’ ಎಂದು ಬಾಯಲ್ಲೇ ಹೇಳಿ, ಚೀಟಿಯ ಮೇಲೆ ನಾಲ್ಕು ಎಂದು ಬರೆಸಿದ. ಅವನು ಹೇಳಿದ ಮೇಲೆ ನಾಲ್ಕೇ ಇರಬೇಕು ಎಂದು ಸುಮ್ಮನಾದೆ. ಮುಂದಿನ ಅಂಡಿಗೆಗೆ ಮೂರು ಒತ್ತಿದೆ. ಮತ್ತೆ ಆತು ಎಂದ. ನನಗೆ ತಮಾಷೆ ಎನಿಸಿ, ಮುಂದಿನದಕ್ಕೆ ಅವನ ಐದೂ ಬೆರಳುಗಳನ್ನು ಒಟ್ಟಿಗೆ ಹಿಂಡಿದೆ. ಅವನು ರೈತನಿಗೆ ಯಾವ ಬೀಜ ಬಿತ್ತಿದ್ದಿ ಎಂದು ಕೇಳುತ್ತಿದ್ದ, ಕೇಳುತ್ತಲೇ ಇದ್ದ. ಕಡೆಗೆ ನಾನು ಉಗುರು ಊರಿ ಅವನ ತೋರುಬೆರಳನ್ನು ಚಿವುಟಿದೆ, ಬಲವಾಗಿಯೇ ಚಿವುಟಿದೆ. ಅವನ ಮಾತು ನಿಲ್ಲಲಿಲ್ಲ. ಟವೆಲ್ ತೆಗೆದಾಗ ಬೆರಳಿನ ಮೇಲೆ ಸಣ್ಣಗೆ ರಕ್ತ ಬಂದಿತ್ತು. ಅದನ್ನು ಅವನೂ ಆಗಲೇ ನೋಡಿದ್ದು.

ಮಧ್ಯಾಹ್ನ ಕಾಳಿನ ಗೋದಾಮಿನ ಹಿಂದೆ ರೊಟ್ಟಿ ಬಿಚ್ಚಿಕೊಂಡು ಕೂತಾಗ ಕೇಳಿದೆ. ಎಷ್ಟು ದಿನವಾಯಿತು ಎಂದೆ. ಕೈಯಲ್ಲಿದ್ದ ರೊಟ್ಟಿಯನ್ನು ಬಟ್ಟೆಯ ಮೇಲಿಟ್ಟು ಹೇಳಿದ:

‘ದಸರಾ ಮುಂದ ಶುರುವಾತು. ನನ್ನ ಕೈಗೆ ಬ್ಯಾರೇದವರ ಕೈ ತಂದು ಹೊಲಿದಂಗ ಆಗೇತಿ ಗೋಪಾಲಾ. ಹತ್ತಿ ಮುಟ್ಟಿದ್ರ ಹತ್ತಿ ಅಂತ ಕಣ್ಣ ಹೇಳತೈತಿ, ಕೈ ಹೇಳವಲ್ದು.’

ಡಾಕ್ಟರಿಗೆ ತೋರಿಸೋಣ ಎಂದೆ. ಈ ಸುಗ್ಗಿಯೊಂದು ದಾಟಲಿ ಎಂದ. ಮಶೀನು ಬರುವ ವರ್ಷವೇ ಶಿವಪುತ್ರಪ್ಪನ ಕೈ ಸತ್ತಿತು ಎಂದು ಊರು ಆಡಿಕೊಳ್ಳಬಾರದು. ಯುಗಾದಿ ಆದ ಮರುದಿನ ನೀನು ಎಲ್ಲಿಗೆ ಕರೆದರೆ ಅಲ್ಲಿಗೆ ಬರುತ್ತೇನೆ. ಅಲ್ಲಿಯತನಕ ನಿನ್ನ ಕೈಯನ್ನು ನನಗೆ ಕಡ ಕೊಡು ಎಂದ. ಅಷ್ಟೇ ಆಗಿದ್ದರೆ ನಾನು ಗದರಿಸಿಯಾದರೂ ಕರೆದೊಯ್ಯುತ್ತಿದ್ದೆನೇನೋ. ಆದರೆ ಅವನು ಇನ್ನೊಂದು ಮಾತು ಹೇಳಿದ.

‘ನಿಮ್ಮ ವೈನಿ ಕಿವಿಗೆ ಬೀಳೂದ ಬ್ಯಾಡ. ಆಕಿ ಭಾಳ ಹೆದರತಾಳ. ನಿನಗೊಬ್ಬಗ ಗೊತ್ತಿರಲಿ.’

ನಾನು ಮಾತು ಕೊಟ್ಟೆ. ವೈನಿ ಎಂದರೆ ಅವನ ಹೆಂಡತಿ ನೀಲವ್ವ. ಈಗ ಬರೆಯುವಾಗ ಒಂದು ವಿಷಯ ಒಪ್ಪಿಕೊಳ್ಳಲೇಬೇಕು. ನಿನಗೊಬ್ಬನಿಗೆ ಎಂದು ಅವನು ಹೇಳಿದಾಗ ನನಗೆ ಹೆದರಿಕೆಯ ಜೊತೆಗೆ ಖುಷಿಯೂ ಆಯಿತು. ಮೂವತ್ತು ವರ್ಷ ಅವನ ಕೈಯ ನೆರಳಿನಲ್ಲಿ ನಂಬರು ಹೇಳಿಕೊಂಡು ಬಂದವನು ನಾನು. ಈಗ ಅವನು ನನ್ನ ಕೈ ಬೇಡುತ್ತಿದ್ದ. ಆ ಖುಷಿಯೇ ಮುಂದೆ ಎಲ್ಲವನ್ನೂ ಹಾಳು ಮಾಡಿತು.

ಮರುದಿನದಿಂದ ನಮ್ಮ ಹೊಸ ಆಟ ಶುರುವಾಯಿತು. ಟವೆಲ್ ಹಾಗೇ ಹಾಕುತ್ತಿದ್ದೆವು, ಮಂದಿ ನೋಡಲೆಂದು. ನಂಬರು ಮಾತ್ರ ನನ್ನಿಂದ ಬೇರೆ ಬಟ್ಟೆ ತೊಟ್ಟು ಹೋಗುತ್ತಿತ್ತು. ಹತ್ತಿ ಹಸಿ ಇದ್ದರೆ ನಾನು, ಚಹಾ ಆಯಿತೇನ್ರಿ ಎಂದು ಯಾರನ್ನಾದರೂ ಕೇಳುವುದು. ಒಂದಾದರೆ ಕೆಮ್ಮುವುದು, ಎರಡಾದರೆ ಕಿವಿ ಮುಟ್ಟಿಕೊಳ್ಳುವುದು, ಮೂರಾದರೆ ಕನ್ನಡಕ ಒರೆಸುವುದು, ನಾಲ್ಕಾದರೆ ಟೋಪಿ ತೆಗೆದು ಹಾಕುವುದು, ಐದಾದರೆ ಶಿವಾ ಎನ್ನುವುದು. ಜನಿವಾರದವನ ಬಾಯಲ್ಲಿ ಇಷ್ಟೊಂದು ಶಿವನಾಮ ಬರುವುದನ್ನು ಕೇಳಿ ಹಮಾಲರು ನಗುತ್ತಿದ್ದರು. ಆ ವರ್ಷ ಬಹಳ ರೈತರು ಅಂಡಿಗೆಯ ನಡುವೆ ನೀರು ಚಿಮುಕಿಸಿ ತಂದಿದ್ದರು. ಹಾಗಾಗಿ ರಾಯರಿಗೆ ಚಹಾದ ಹುಚ್ಚು ಹಿಡಿದಿದೆ ಎಂದೂ ಸುದ್ದಿಯಾಯಿತು. ಶಿವಪುತ್ರ ಮೊದಲಿನಂತೆಯೇ ಮೊಣಕೈವರೆಗೆ ಕೈ ಇಳಿಸುವನು, ಅರೆಗಣ್ಣು ಮುಚ್ಚಿ ಎಳೆ ಎಳೆಯುವನು, ಗಂಭೀರವಾಗಿ ನಂಬರು ಹೇಳುವನು. ಒಂದೊಂದು ಸಲ ನನಗೇ ಅವನ ಕೈ ನೆಟ್ಟಗಾಗಿದೆ ಎನಿಸಿಬಿಡುತ್ತಿತ್ತು. ಸಂಜೆ ಇಬ್ಬರೂ ಸಾಲೆ ತಪ್ಪಿಸಿದ ಹುಡುಗರಂತೆ ನಗುತ್ತಿದ್ದೆವು.

ನಾನು ಪೂರ್ತಿ ಸುಮ್ಮನಿದ್ದೆ ಎಂದೇನಿಲ್ಲ. ದೀಪಾವಳಿಯ ಮುಂದಿನ ಛಟ್ಟಿ ಅಮಾವಾಸ್ಯೆ ಆದಮೇಲೆ ಒಂದು ದಿನ ಜುಲುಮೆ ಮಾಡಿ ಊರಿನ ಒಬ್ಬ ಡಾಕ್ಟರ ಬಳಿ ಕರೆದೊಯ್ದೆ. ಅವರು ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತ ನೋಡಿದರು. ಇರಲಿಲ್ಲ. ಕಾಲು ಹೇಗಿವೆ, ಜೋಮು ಗೀಮು ಇದೆಯೇ, ನಡೆಯುವಾಗ ತಡವರಿಸುತ್ತೀರಾ ಎಂದು ಕೇಳಿದರು. ಕಾಲು ಎತ್ತಿನ ಕಾಲಿನ ಹಾಗಿವೆ ಎಂದು ಶಿವಪುತ್ರ ಹೇಳಿದ. ಬರೀ ಕೈಬೆರಳಾದರೆ ನರದ ನಿಶ್ಶಕ್ತಿ, ಮೂರು ತಿಂಗಳು ಗುಳಿಗೆ ತೆಗೆದುಕೊಳ್ಳಿ ಎಂದು ಅವರು ಬರೆದುಕೊಟ್ಟರು. ಆ ಗುಳಿಗೆಯ ಡಬ್ಬಿಯನ್ನು ಅವನು ಮನೆಗೆ ಒಯ್ಯಲಿಲ್ಲ. ನನ್ನ ಚೀಲದಲ್ಲಿರುತ್ತಿತ್ತು. ದಿನಾ ಮಧ್ಯಾಹ್ನ ನಾನೇ ಕೊಡುತ್ತಿದ್ದೆ, ಏನೋ ದೊಡ್ಡ ಔಷಧ ನಡೆದಿದೆ ಎಂಬ ಸಮಾಧಾನದಿಂದ.

ಎಳ್ಳಮಾವಾಸ್ಯೆಗೆ ಚರಗಕ್ಕೆಂದು, ಬೆಳೆಗೆ ಎಡೆ ಚೆಲ್ಲುವ ಹಬ್ಬಕ್ಕೆಂದು, ಸಂಪಗಾಂವದ ಅವರ ಹೊಲಕ್ಕೆ ಹೋದೆ. ಪ್ರತಿವರ್ಷ ಹೋಗುತ್ತಿದ್ದೆ. ಜೋಳ ಎದೆಯೆತ್ತರ ನಿಂತಿತ್ತು, ಕಡಲೆ ಹೂ ಬಿಟ್ಟಿತ್ತು, ಬನ್ನಿಗಿಡದ ಕೆಳಗೆ ಕಂಬಳಿ ಹಾಸಿದ್ದರು. ಚರಗ ಚೆಲ್ಲಿ ಬರುವ ಕೆಲಸವನ್ನು ಆ ವರ್ಷ ಶಿವಪುತ್ರ ತಮ್ಮನಿಗೆ ಬಿಟ್ಟು ತಾನು ಗಿಡಕ್ಕೆ ಒರಗಿ ಕೂತಿದ್ದ. ದಣಿವಿರಬೇಕು ಎಂದುಕೊಂಡೆ. ನೀಲವ್ವ ವೈನಿ ಎಳ್ಳುಹಚ್ಚಿದ ಸಜ್ಜೆರೊಟ್ಟಿ, ಪುಂಡಿಪಲ್ಯ, ಕಡುಬು ಬಡಿಸುತ್ತಿದ್ದರು. ಅವನು ಅತ್ತ ಯಾರೊಂದಿಗೋ ಮಾತಾಡುತ್ತಿದ್ದಾಗ ನನ್ನ ತಟ್ಟೆಗೆ ಮೊಸರು ಹಾಕುತ್ತ, ಫ್ಯಾಕ್ಟರಿಯಲ್ಲಿ ಎಲ್ಲ ಬರೋಬರಿ ಇದೆಯೇನ್ರಿ ಎಂದು ಸಣ್ಣ ದನಿಯಲ್ಲಿ ಕೇಳಿದರು. ಹುಲಿಯ ಹಾಗಿದ್ದಾನೆ ಎಂದೆ. ಮನೆಯಲ್ಲಿ ಹೇಗಿದ್ದಾನೆ ಎಂದು ನಾನೂ ಕೇಳಿದೆ, ಕೇಳಬೇಕಲ್ಲ ಎಂದು. ಚೊಲೋ ಇದ್ದಾರೆ ಎಂದರು. ಇಬ್ಬರೂ ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಇನ್ನೊಂದು ಕಡುಬು ಹಾಕಿಸಿಕೊಂಡೆ.

ಮಶೀನು ಶಿವರಾತ್ರಿಗೆ ನಾಲ್ಕು ದಿನ ಮೊದಲೇ ಬಂತು. ಅದಕ್ಕೊಂದು ತಂಪು ಕೋಣೆ, ಅದನ್ನು ನಡೆಸಲು ಹೊರಗಿನಿಂದ ಬಂದ ಒಬ್ಬ ಮನುಷ್ಯ. ಮಾಲಕರು ಬೇರೆ ಬೇರೆ ಅಂಡಿಗೆಗಳಿಂದ ಹತ್ತಿ ತೆಗೆಸಿ ಇಪ್ಪತ್ತು ಪುಡಿಕೆ ಕಟ್ಟಿಸಿದರು. ಒಂದೊಂದನ್ನೂ ಮೊದಲು ನಾವು ನೋಡಿ ಚೀಟಿ ಬರೆಸಬೇಕು, ಆಮೇಲೆ ಮಶೀನು ನೋಡುತ್ತದೆ. ಅಂಗಳದ ತುಂಬ ರೈತರು, ಹಮಾಲರು, ಪೇಟೆಯ ವ್ಯಾಪಾರಿಗಳು. ನಾನು ಅಂದು ನೋಡಿದಷ್ಟು ಜೀವವಿಟ್ಟು ಯಾವತ್ತೂ ಹತ್ತಿ ನೋಡಿರಲಿಲ್ಲ. ಕನ್ನಡಕ ಒರೆಸಿದೆ, ಟೋಪಿ ತೆಗೆದೆ, ಶಿವಾ ಎಂದೆ. ಇಪ್ಪತ್ತರಲ್ಲಿ ಹದಿನೆಂಟು ಮಶೀನಿನೊಂದಿಗೆ ಕೂಡಿದವು. ಜನ ಚಪ್ಪಾಳೆ ತಟ್ಟಿದರು. ಮಾಲಕರು ಶಾಲು ತರಿಸಿ ಶಿವಪುತ್ರನಿಗೆ ಹೊದಿಸಿದರು, ಇಂಥ ಕೈ ಇನ್ನು ಹುಟ್ಟುವುದಿಲ್ಲ ಎಂದರು. ನನಗೆ ಅಂದು ಆದ ಹೆಮ್ಮೆ ಅಷ್ಟಿಷ್ಟಲ್ಲ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಅವನಷ್ಟು ಚೆನ್ನಾಗಿ ಹತ್ತಿ ನೋಡಿದ್ದೆ, ಅದು ಅವನೊಬ್ಬನಿಗೇ ಗೊತ್ತಿತ್ತು. ಅವನು ನನ್ನತ್ತ ನೋಡಿ ನಕ್ಕ. ಆಮೇಲೆ ಚಹಾದ ಕಪ್ಪು ಹಿಡಿಯಹೋಗಿ ಕೆಳಗೆ ಬೀಳಿಸಿದ. ಖುಷಿಗೆ ಕೈ ನಡುಗಿದೆ ಎಂದು ಮಂದಿ ನಕ್ಕರು, ನಾನೂ ನಕ್ಕೆ.

ಯುಗಾದಿಗೆ ಹನ್ನೊಂದು ದಿನ ಇರುವಾಗ ಶಿವಪುತ್ರ ಫ್ಯಾಕ್ಟರಿಯ ಅಂಗಳದಲ್ಲಿ, ಬಿಸಿಲಿನಲ್ಲಿ, ನಿಂತಲ್ಲೇ ಕುಸಿದ. ಮೇಲೇಳಲು ಆಗಲಿಲ್ಲ. ಎರಡೂ ಕಾಲು ಅವನ ಮಾತು ಕೇಳುತ್ತಿರಲಿಲ್ಲ. ಮಾಲಕರ ಗಾಡಿಯಲ್ಲೇ ಬೆಳಗಾವಿಯ ಆಸ್ಪತ್ರೆಗೆ ಒಯ್ದೆವು, ದಾರಿಯಲ್ಲಿ ವೈನಿಯನ್ನು ಹತ್ತಿಸಿಕೊಂಡೆವು. ಅಲ್ಲಿ ಒಬ್ಬ ಹೆಣ್ಣುಮಗಳು ಡಾಕ್ಟರು, ಕೈ ಜೋಮು ಹಿಡಿದು ಎಷ್ಟು ದಿನವಾಯಿತು ಎಂದು ಕೇಳಿದರು. ಶಿವಪುತ್ರ ನನ್ನ ಮುಖ ನೋಡಿದ. ತಲೆದೆಸೆಗೆ ವೈನಿ ನಿಂತಿದ್ದರು. ನನ್ನ ಬಾಯಿ ತಾನಾಗಿಯೇ ಹೇಳಿತು, ಹದಿನೈದು ದಿನ ಎಂದು. ಕಾಲು ಎಂದು ಕೇಳಿದ್ದಕ್ಕೆ ವೈನಿ, ಈ ವಾರದಿಂದ ಎಂದರು.

ಕುತ್ತಿಗೆಯ ಒಳಗೆ, ಬೆನ್ನುಹುರಿಗೆ ಒತ್ತಿಕೊಂಡು ಒಂದು ಗಡ್ಡೆ ಬೆಳೆದಿತ್ತು. ಮರುದಿನ ಡಾಕ್ಟರು ನನ್ನನ್ನೊಬ್ಬನನ್ನೇ ಹೊರಗೆ ಕರೆದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

‘ಇದು ಕ್ಯಾನ್ಸರ್ ಅಲ್ಲ. ನಿಧಾನವಾಗಿ ಬೆಳೆಯೋ ಗಡ್ಡೆ, ಹದಿನೈದು ದಿನದ್ದಲ್ಲ. ಬರೀ ಕೈ ಅಂದ್ರೆ ಯಾರಾದ್ರೂ ಮೋಸ ಹೋಗಬಹುದು. ಕೈ ಕಾಲು ಎರಡೂ ಅಂತ ಯಾರಾದ್ರೂ ಬಾಯಿಬಿಟ್ಟು ಹೇಳಿದ್ರೆ ಯಾವ ಡಾಕ್ಟರಾದ್ರೂ ಅವತ್ತೇ ಕುತ್ತಿಗೆ ಸ್ಕ್ಯಾನ್ ಮಾಡಿಸ್ತಿದ್ರು. ದೀಪಾವಳಿ ಹೊತ್ತಿಗೆ ಬಂದಿದ್ರೆ ಇವರು ನಡಕೊಂಡು ಮನೆಗೆ ಹೋಗ್ತಿದ್ರು.’

ಕಾಲಿನ ವಿಷಯ ನನಗೆ ಗೊತ್ತೇ ಇರಲಿಲ್ಲ ಎಂದುಕೊಂಡೆ. ಆದರೂ ಕೈಯ ಪಾಪವೊಂದೇ ನನಗೆ ಸಾಕಾಗುವಷ್ಟಿತ್ತು. ಒಳಗೆ ಬಂದಾಗ ವೈನಿ, ಡಾಕ್ಟರು ಏನಂದರು ಎಂದು ಕೇಳಿದರು. ಆಪರೇಶನ್ ಮಾಡುತ್ತಾರಂತೆ, ದೇವರಿದ್ದಾನೆ ಎಂದೆ.

ಆಪರೇಶನ್ ಆಯಿತು. ಕಾಲು ಬರಲಿಲ್ಲ, ಕೈಯೂ ಬರಲಿಲ್ಲ. ಸಂಪಗಾಂವದ ಮನೆಯ ಪಡಸಾಲೆಯಲ್ಲಿ ಮಂಚ ಹಾಕಿದರು. ಸುಗ್ಗಿ ಮುಗಿದ ಮೇಲೆ ನಾನು ಕೆಲಸ ಬಿಟ್ಟೆ. ಮಶೀನು ಇರುವಾಗ ನನ್ನ ಅಗತ್ಯವೂ ಅಲ್ಲಿ ಹೆಚ್ಚೇನಿರಲಿಲ್ಲ. ವಾರಕ್ಕೆ ಮೂರು ಸಲ ಸಂಪಗಾಂವಕ್ಕೆ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಬೆನ್ನು ಹುಣ್ಣಾಯಿತು. ಹುಣ್ಣು ಮಾಯಲಿಲ್ಲ, ಜ್ವರ ಬಿಡಲಿಲ್ಲ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಒಂದು ಮಧ್ಯಾಹ್ನ, ವೈನಿ ಹಿತ್ತಲಿಗೆ ಹೋಗಿದ್ದಾಗ, ಮಶೀನು ಹೇಗೆ ನಡೆದಿದೆ ಎಂದು ಕೇಳಿದ. ಎರಡು ಸಲ ಕೆಟ್ಟಿತು, ಮಾಲಕರು ಅದಕ್ಕೆ ಬೈಯುತ್ತಿದ್ದಾರೆ, ನಿನ್ನನ್ನು ನೆನೆಸುತ್ತಾರೆ ಎಂದೆ. ಅವನು ಮಾಡು ನೋಡುತ್ತ ಮಲಗಿದ್ದ.

‘ಸುಳ್ಳ ಹೇಳೂದ ಬಿಡು ಗೋಪಾಲಾ. ಭಾಳ ಆತು,’ ಎಂದ.

ಅದರಲ್ಲಿ ಸಿಟ್ಟಿರಲಿಲ್ಲ. ದಣಿದಿದ್ದ ಅಷ್ಟೇ. ನಾಲ್ಕನೆಯ ದಿನ ಹೋದ. ಅವರ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ, ಹೊಲದಲ್ಲಿಯೇ ಮಣ್ಣು ಮಾಡಿದರು. ನಾನೂ ಪತ್ರಿ ಹಾಕಿದೆ. ಮಳೆಗೆ ಎರೆಮಣ್ಣು ಕಾಲಿಗೆ ಗಡ್ಡೆಗಟ್ಟಿ ಅಂಟಿ, ಹೆಜ್ಜೆ ಎತ್ತಲಾಗದೆ ಎಲ್ಲರಿಗಿಂತ ಹಿಂದೆ ಬಂದೆ.

ಆಮೇಲೆ ಎಂಟು ವರ್ಷ ನಾನು ಆ ಮನೆಯ ಕಡೆ ಸುಳಿಯಲಿಲ್ಲ. ಬೆಳಗಾವಿಗೆ ಹೋಗಿ ನೆಲೆಸಿದೆ. ವೈನಿಯಿಂದ ಹಬ್ಬಕ್ಕೊಮ್ಮೆ ಫೋನು ಬರುತ್ತಿತ್ತು. ಬರ್ರಿ ರಾಯರ, ಒಂದ ಸಲ ಬಂದ ಹೋಗ್ರಿ ಎನ್ನುತ್ತಿದ್ದರು. ಬರುತ್ತೇನೆ ಎಂದು ಹೇಳಿ ಹೋಗದೆ ಉಳಿಯುತ್ತಿದ್ದೆ. ನಿಮ್ಮಂಥ ಗೆಳೆಯರು ಸಿಗುವುದು ಪುಣ್ಯ ಎಂದು ಅವರು ಅನ್ನುವಾಗಲೆಲ್ಲ ಫೋನಿಡುವ ನೆಪ ಹುಡುಕುತ್ತಿದ್ದೆ.

ಹೋದ ತಿಂಗಳು ಆ ಲಾರಿಯ ಹಿಂದೆ ಅರ್ಧ ತಾಸು ಬಂದೆನಲ್ಲ, ಬೈಲಹೊಂಗಲದಲ್ಲಿ ಇಳಿದವನು ಮುಂಜಿವೆಗೆ ಹೋಗಲಿಲ್ಲ. ಸಂಪಗಾಂವದ ಬಸ್ಸು ಹತ್ತಿದೆ. ಹೇಳಿಬಿಡಬೇಕು ಎನಿಸಿತು. ನನಗೂ ವಯಸ್ಸಾಯಿತು. ಬೈದರೆ ಬೈಯಿಸಿಕೊಂಡು, ಹೊರಗೆ ಹಾಕಿದರೆ ಹಾಕಿಸಿಕೊಂಡು, ಈ ಭಾರ ಇಳಿಸಿ ಬರಬೇಕು.

ವೈನಿ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಕಡಲೆ ಹಸನು ಮಾಡುತ್ತಿದ್ದರು. ತಲೆ ಪೂರ್ತಿ ನರೆತಿದೆ. ನನ್ನನ್ನು ನೋಡಿ ಗಡಬಡಿಸಿ ಎದ್ದು ನೀರು ತಂದರು, ಚಹಾಕ್ಕಿಡುತ್ತೇನೆ ಎಂದರು. ಚಹಾ ಬೇಡ, ಕೂತುಕೊಳ್ಳಿ, ಒಂದು ವಿಷಯ ಹೇಳುವುದಿದೆ ಎಂದೆ. ಎಲ್ಲವನ್ನೂ ಹೇಳಿದೆ. ಚಿವುಟಿದ್ದು, ಕನ್ನಡಕ ಒರೆಸಿದ್ದು, ಗುಳಿಗೆಯ ಡಬ್ಬಿ, ಆಸ್ಪತ್ರೆಯಲ್ಲಿ ಹದಿನೈದು ದಿನ ಎಂದದ್ದು. ದಸರೆಯಿಂದಲೇ ಅವನ ಕೈಗೆ ಸ್ಪರ್ಶ ಇರಲಿಲ್ಲ, ನಿಮಗೆ ಹೇಳಬೇಡ ಎಂದಿದ್ದ, ನಾನು ಹೇಳಲಿಲ್ಲ ಎಂದೆ. ಅವರು ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಕಡಲೆಯ ಮೊರವನ್ನು ಬದಿಗೆ ಸರಿಸಿದರು.

‘ನನಗೂ ಹಂಗ ಹೇಳಿದ್ರರಿ,’ ಎಂದರು. ‘ರಾಯರ ಮುಂದ ಬಾಯಿ ಬಿಡಬ್ಯಾಡ, ಅಂವ ಭಾಳ ಹೆದರತಾನ, ಸುಗ್ಗಿ ಕೆಡತೈತಿ ಅಂದ್ರು. ದಸರಾದಿಂದ ಅವರ ಅಂಗಿ ಗುಂಡಿ ನಾನ ಹಾಕತಿದ್ದೆ. ಬಚ್ಚಲದಾಗ ಗ್ವಾಡಿ ಹಿಡದ ನಿಂದರತಿದ್ರು. ಎರಡ ಸಲ ಬಿದ್ರು. ಕಾಲಾಗಿಂದ ಚಪ್ಪಲ ಕಳಚಿ ಬಿದ್ರೂ ತಿಳೀತಿದ್ದಿಲ್ಲರಿ. ಕಾಲಂದ ಅಷ್ಟ ಅಂತ ತಿಳದಿದ್ದೆ ನಾ. ಗುಂಡಿ ಹಾಕ್ಕೊಳ್ಳಾಕ ಏನೋ ಬ್ಯಾಸರಕಿ ಅಂದ್ಕೊಂಡಿದ್ದೆ.’

ಕೈ ನನ್ನ ಬಳಿ ಇತ್ತು, ಕಾಲು ಅವರ ಬಳಿ ಇತ್ತು. ಇಬ್ಬರಿಗೂ ನೀನೊಬ್ಬಳೇ, ನೀನೊಬ್ಬನೇ ಎಂದು ಹೇಳಿ ಅವನು ತನ್ನನ್ನು ಎರಡು ಪಾಲು ಮಾಡಿ ಬಚ್ಚಿಟ್ಟಿದ್ದ. ಬನ್ನಿಗಿಡದ ಕೆಳಗೆ ಅವರು ಬಡಿಸುತ್ತ, ನಾನು ಬಾಯಿತುಂಬ ಕಡುಬು ಇಟ್ಟುಕೊಂಡು, ನಾವಿಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿದ್ದೆವು. ಡಾಕ್ಟರು ಹೇಳಿದ ಆ ಒಂದು ಮಾತು, ಕೈ ಕಾಲು ಎರಡೂ ಎಂಬ ಮಾತು, ಅಂದು ನಮ್ಮಿಬ್ಬರ ನಡುವೆ ಅರ್ಧರ್ಧವಾಗಿ ಬಿದ್ದಿತ್ತು.

ನನ್ನ ಮುಖದಲ್ಲಿ ಏನು ಕಂಡಿತೋ, ವೈನಿ ನನ್ನನ್ನೇ ನೋಡತೊಡಗಿದರು. ಲೆಕ್ಕ ಅವರಿಗೂ ಹತ್ತುತ್ತಿತ್ತು. ಹತ್ತುವುದನ್ನು ನಾನು ಕಣ್ಣಾರೆ ನೋಡಿದೆ.

‘ಡಾಕ್ಟರಬಾಯಿ ನಿಮ್ಮನ್ನ ಹೊರಗ ಕರದಿದ್ರಲ್ರಿ,’ ಎಂದರು. ‘ನಾವಿಬ್ರೂ ಒಂದ ಮಾತ ಮದಲ ಆಡ್ಕೊಂಡಿದ್ರ ಉಳೀತಿದ್ರೇನ್ರಿ ಅವರು?’

ಸುಳ್ಳು ಸಾಕು ಎಂದೇ ಅಷ್ಟು ದೂರ ಹೋದವನು ನಾನು. ಎಂಟು ವರ್ಷ ಈ ಹೆಂಗಸಿನ ಪಾಲಿಗೆ ಗಂಡನ ಸಾವು ದೇವರ ಇಚ್ಛೆಯಾಗಿತ್ತು. ನಾನು ಬಂದು ಒಂದು ತಾಸಿನಲ್ಲಿ ಆ ಸಾವಿನ ಪಾಪವನ್ನು ಅವರ ಕೈಗೂ ಮೆತ್ತಲು ಹೊರಟಿದ್ದೆ.

‘ಇಲ್ಲ ವೈನಿ,’ ಎಂದೆ. ‘ಅದು ಉಳಸೋ ಜಡ್ಡ ಆಗಿರಲಿಲ್ಲ. ಮದಲ ಬಂದಿದ್ರೂ ಇಷ್ಟ ಇತ್ತು ಅಂತ ಅವರ ಹೇಳಿದ್ರು.’

ಅವರು ನಂಬಿದರೋ, ನನಗಾಗಿ ನಂಬಿದ ಹಾಗೆ ಮಾಡಿದರೋ ಗೊತ್ತಿಲ್ಲ. ಹೂಂ ಎಂದು ಮತ್ತೆ ಕಡಲೆ ಆರಿಸತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಚಹಾ ಮಾಡಿದರು, ನಾನು ಕುಡಿದೆ. ಹೊರಡುವಾಗ ಬಾಗಿಲವರೆಗೆ ಬಂದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ನನಗೇ ಹೇಳಿದರು. ಬಸ್‌ಸ್ಟಾಪಿನಲ್ಲಿ ಬಿಸಿಲಿತ್ತು. ಡಾಕ್ಟರು ಹೇಳಿದ ಖರೆ ಮಾತು ತಿಳಿದವನು ಈಗ ನಾನೊಬ್ಬನೇ. ಹೇಳಿಕೊಳ್ಳಬಹುದಾಗಿದ್ದ ಒಂದೇ ಮನೆಯಿಂದ ಅದನ್ನು ಹೇಳದೆ ಎದ್ದು ಬಂದಿದ್ದೇನೆ, ಇನ್ನು ಹೋಗಲು ಬೇರೆ ಮನೆ ಇಲ್ಲ.